ವಲ್ಲಿಯ ಕೆಳಗಿನ ಮಾತು

ಮಾಘ ಮಾಸ. ಬೆಳ್ಳಟ್ಟಿಯ ಎರೆಹೊಲಗಳಲ್ಲಿ ಹತ್ತಿ ಒಡೆದು ನಿಂತಿತ್ತು. ಹೆಂಗಸರು ಉಡಿ ಕಟ್ಟಿಕೊಂಡು ನಸುಕಿನಲ್ಲೇ ಬಿಡಿಸಲು ಇಳಿದಿದ್ದರು. ಶಾಲೆಯ ಅರ್ಧ ಮಕ್ಕಳು ಅವ್ವಂದಿರ ಬೆನ್ನು ಹತ್ತಿ ಹೋಗಿದ್ದರಿಂದ ನಾಲ್ಕನೆಯ ಇಯತ್ತೆಯ ವರ್ಗದಲ್ಲಿ ಕೆಲವೇ ತಲೆಗಳು. ಅವುಗಳ ಹಿಂದೆ, ಗೋಡೆಗೆ ಒರಗಿದ ಮೀಸೆಯ ತಲೆ ಒಂದು.

"ಗವಿಸಿದ್ದಪ್ಪಾ, ಎದ್ದು ನಿಂದ್ರು," ಎಂದಳು ಪಾಠ ಹೇಳುತ್ತಿದ್ದ ಸಾವಂತ್ರೆವ್ವ.

ಸ್ವಂತ ಅತ್ತೆಯ ಮಗನನ್ನು ಹೆಸರು ಹಿಡಿದು ಯಾವ ಹುಡುಗಿಯೂ ಕರೆಯುವುದಿಲ್ಲ. ಅವಳು ಬೇಕೆಂದೇ ಕರೆಯುತ್ತಿದ್ದಳು.

ಹುಡುಗರು ಕಿಸಕ್ಕನೆ ನಕ್ಕರು. "ಅಕ್ಕೋರ, ಒಲ್ಲೆಪ್ಪ ಮಾಸ್ತರ ಎದ್ದ್ರು!"

ಅವನು ಮಾಸ್ತರನಾಗಬೇಕಾದವನೇ. ಧಾರವಾಡದ ಟ್ರೇನಿಂಗ್ ಕಾಲೇಜಿನಲ್ಲಿ ಓದುತ್ತಿದ್ದ. ಹೋದ ಸುಗ್ಗಿಗೆ ಊರಿಗೆ ಬಂದವನು ಹತ್ತಿ ತುಂಬಿದ ದೊಡ್ಡ ಅಂಡಿಗೆಗಳನ್ನು ಹೇರುವಾಗ ಬಂಡಿಯ ಮೇಲಿಂದ ಬಿದ್ದ. ತಲೆ ಗಾಲಿಯ ಕಬ್ಬಿಣಕ್ಕೆ ಬಡಿಯಿತು. ಜೀವ ಉಳಿಯಿತು, ಬುದ್ಧಿಯೂ ಉಳಿಯಿತು, ಮಾತು ಮಾತ್ರ ಚದುರಿಹೋಯಿತು. ಊರ ಶಾಲೆಯಲ್ಲಿ ಕೂತು ಮತ್ತೆ ಕಲಿಯಲಿ, ಕಲಿತದ್ದನ್ನು ಇನ್ಸ್‌ಪೆಕ್ಟರರ ಮುಂದೆ ತೋರಿಸಲಿ, ಇಲ್ಲವಾದರೆ ಹೆಸರು ಹೊಡೆದುಹಾಕುತ್ತೇವೆ ಎಂದು ಕಾಲೇಜಿನವರು ಹೇಳಿ ಕಳಿಸಿದ್ದರು.

ಬೇರೆ ಯಾವ ಮಾಸ್ತರರೂ ಮುಂದೆ ಬರಲಿಲ್ಲ. ಹೆಡ್‌ಮಾಸ್ತರ ದತ್ತಾತ್ರಿಯವರು ಅವನನ್ನು ಸಾವಂತ್ರೆವ್ವನ ವರ್ಗಕ್ಕೆ ನೂಕಿದರು. "ಹುಚ್ಚರನ ಕೂಡಿಸ್ಕೊಳ್ಳಾಕ ಇದೇನು ಧರ್ಮಛತ್ರ ಅದ ಏನು? ಮುಂಬೈ ಸರಕಾರ ಹೋಗಿ ಮೈಸೂರು ಸರಕಾರ ಬಂದದ. ಹೊಸಾ ಸಾಹೇಬರು ಬಂದು ನೋಡಲಿ, ಒಂದೇ ದಿನದಾಗ ಹೊರಗ ಹಾಕ್ತಾರ."

ಹಾಕಲಿ ಎಂದೇ ಸಾವಂತ್ರೆವ್ವನಿಗೂ ಅನಿಸಿತ್ತು. ದೀಪಾವಳಿಯಾದ ಮೇಲೆ ಅವನ ಅವ್ವ ತಿಪ್ಪವ್ವತ್ತಿ ಉತ್ತತ್ತಿ, ಕೊಬ್ಬರಿ ಬಟ್ಟಲು ತಂದು ಲಗ್ನ ಗೊತ್ತುಮಾಡಲು ಸಾವಂತ್ರೆವ್ವನ ಉಡಿ ತುಂಬಲು ಕೂತಿದ್ದಳು. "ಹುಡುಗಿ ಒಪ್ಪಿಗಿ ಅದಾಳೇನಪಾ?" ಎಂದು ಹಿರಿಯರು ಕೇಳಿದಾಗ ಅವನು ಅವಳನ್ನೇ ನೋಡುತ್ತ ಅಂದಿದ್ದ: "ಒಲ್ಲೆ."

ಬಳಪಕ್ಕೆ ಬಳಪ ಅನ್ನಲು ಬಾರದ ಬಾಯಲ್ಲಿ ಆ ಮಾತೊಂದು ಗಂಟೆ ಹೊಡೆದಂತೆ ಬಂದಿತ್ತು. ಅಷ್ಟು ಸ್ಪಷ್ಟ ಬಂದದ್ದು ಖರೆಯೇ ಇರಬೇಕು ಎಂದಿತು ಊರು; ಹುಡುಗರು ಅವನಿಗೆ ಒಲ್ಲೆಪ್ಪ ಎಂದು ಹೆಸರಿಟ್ಟರು. ಅವಳ ಅಪ್ಪ ಉಡಚಪ್ಪ ಉಡಿಯ ಸಾಮಾನನ್ನು ಅಂಗಳಕ್ಕೆ ಎಸೆದ.

ಮಾಘದ ಆ ಮಧ್ಯಾಹ್ನ ಬಿಸಿಲು ಶಾಲೆಯ ಹೆಂಚು ಕಾಯಿಸುತ್ತಿತ್ತು. ಮಕ್ಕಳು ಮನೆಗೆ ಹೋದ ಮೇಲೆ ಅವನೊಬ್ಬನೇ ಪಾಟಿಯ ಮೇಲೆ ಅಕ್ಷರ ತಿದ್ದುತ್ತ ಬೆವೆತಿದ್ದ.

"ನೀರು ಬೇಕೇನು?"

"ಒಲ್ಲೆ."

"ಒಲ್ಲದಿದ್ರ ಸಾಯಿ," ಎಂದು ಅವಳು ತಂಬಿಗೆ ತಿರುಗಿಸಿದಳು. ಅವನ ಕೈ ತಂಬಿಗೆಯ ಹಿಂದೆ ಬಂತು. ಅವಳು ಬಲಕ್ಕೆ ಸರಿಸಿದರೆ ಬಲಕ್ಕೆ, ಎಡಕ್ಕೆ ಸರಿಸಿದರೆ ಎಡಕ್ಕೆ. ಕೊನೆಗೆ ಕಸಿದುಕೊಂಡು ಗಟಗಟ ಕುಡಿದ.

ಸಾವಂತ್ರೆವ್ವ ಅವನ ಬಾಯನ್ನೊಮ್ಮೆ, ಕೈಯನ್ನೊಮ್ಮೆ ನೋಡಿದಳು.

"ಇನ್ನಷ್ಟು ಬೇಕೇನು?"

"ಒಲ್ಲೆ," ಎಂದು ಖಾಲಿ ತಂಬಿಗೆ ಅವಳತ್ತ ಚಾಚಿದ. ಬಾಯಿ ತನಗೆ ಮೋಸ ಮಾಡುತ್ತದೆಂದು ಅವನಿಗೆ ಗೊತ್ತಿತ್ತು.

"ಹಾಳಾದವನ," ಎಂದಳು ಅವಳು. ಬೈಗುಳ ಯಾರಿಗೆಂದು ಅವಳಿಗೇ ತಿಳಿಯಲಿಲ್ಲ.

ಅವಳ ಅಪ್ಪ ಗದಗಿನ ಪೇಟೆಯಲ್ಲಿ ಹತ್ತಿ ದಲಾಲಿ ಮಾಡುವವನು. ಅಲ್ಲಿ ಧಾರಣೆಯನ್ನು ಬಾಯಿಂದ ಹೇಳುವುದಿಲ್ಲ; ಹೆಗಲ ಮೇಲಿನ ಬಟ್ಟೆ ವಲ್ಲಿಯನ್ನು ಇಬ್ಬರ ಕೈಮೇಲೆ ಹೊದಿಸಿ, ಒಳಗೆ ಬೆರಳು ಹಿಡಿದು ಹೇಳುತ್ತಾರೆ. ಮರುದಿನ ಅವಳು ಅಪ್ಪನ ಹಳೆಯ ವಲ್ಲಿ ತಂದಳು.

"ಬೇಕಂದ್ರ ಬೆರಳು ಹಿಡಿ. ಬ್ಯಾಡಂದ್ರ ಮುಷ್ಟಿ ಮಾಡು. ಲೆಕ್ಕ ಕೇಳಿದ್ರ ಎಷ್ಟಾತೋ ಅಷ್ಟು ಬೆರಳು. ಮತ್ತ ನನ್ನ ಮುಖ ನೋಡಬ್ಯಾಡ, ಪಾಟಿ ನೋಡು."

ಅವನು ಪಾಟಿ ನೋಡಲಿಲ್ಲ.

"ಕಣ್ಣು ಕಿತ್ತೇನು."

ಬೆರಳು ಒತ್ತಿದಾಗ ಕೆಲವೊಮ್ಮೆ ಮಾತೂ ಹಿಂದೆಯೇ ಬರುತ್ತಿತ್ತು: ನೀರು, ಬಳಪ, ಒಮ್ಮೆ ಅರ್ಧದವರೆಗೆ ಅವಳ ಹೆಸರು. ಉಳಿದರ್ಧಕ್ಕೆ ಕಾಯುತ್ತ ಅವಳು ಬೈಯುವುದನ್ನು ಮರೆತಳು. ಕಿಟಕಿಯಲ್ಲಿ ನಿಂತಿದ್ದ ದತ್ತಾತ್ರಿ ಮಾಸ್ತರರು ತಾವು ಕಂಡದ್ದನ್ನು ಮರೆಯಲಿಲ್ಲ.

ಇನ್ಸ್‌ಪೆಕ್ಟರ್ ಕೆಲವು ದಿನಗಳಲ್ಲೇ ಶಾಲೆ ನೋಡಲು ಬಂದರು; ಮೈಸೂರಿನ ಕಡೆಯವರು. ಪೇಟ ಸರಿಪಡಿಸಿಕೊಂಡು ಗವಿಸಿದ್ದಪ್ಪನನ್ನು ಕೇಳಿದರು, "ಪಾಠ ಮಾಡಬೇಕು ಅಂತ ಆಸೆ ಇದೆಯೇನಪ್ಪಾ?"

"ಒಲ್ಲೆ."

"ಕೇಳಿದ್ರ್ಯಲ್ಲ ಸಾಹೇಬರ?" ದತ್ತಾತ್ರಿ ಮಾಸ್ತರರು ಮುಂದೆ ಬಂದರು. "ಇನ್ನೂ ಒಂದು ಅದ. ಈಕಿ ಸಾಲ್ಯಾಗ ಕೂತು, ಅರಿವಿ ಮುಚ್ಚಿ ಇವನ ಕೈ ಹಿಡೀತಾಳ. ಲಗ್ನ ಆಗಲಾರದ ಹುಡುಗಿ!"

"ನಿಜವೇನಮ್ಮಾ?"

ಕೆಲಸ ಹೋಗುತ್ತದೆ, ಮಾನವೂ ಹೋಗುತ್ತದೆ. ಸಾವಂತ್ರೆವ್ವ ವಲ್ಲಿಯನ್ನು ಸಾಹೇಬರ ಮುಂದೆ ಚಾಚಿದಳು. "ಖರೆ ರೀ. ನೀವೂ ಹಿಡೀರಿ. ಹಿಡಿದು ಲೆಕ್ಕ ಕೇಳ್ರಿ."

ಸಾಹೇಬರು ಸಂಕೋಚದಿಂದ ಕೈ ಒಳಗಿಟ್ಟರು. "ಮೂವತ್ತಾರನ್ನು ನಾಲ್ಕರಿಂದ ಭಾಗಿಸಿದರೆ?"

"ಒಲ್ಲೆ," ಎಂದಿತು ಬಾಯಿ. ವಲ್ಲಿ ಅಲುಗಿತು. ಮೊದಲು ಐದು ಬೆರಳು, ಆಮೇಲೆ ನಾಲ್ಕು.

ಸಾಹೇಬರು ಇನ್ನೊಂದು ಲೆಕ್ಕ ಕೇಳಿದರು, ಮತ್ತೊಂದು ಕೇಳಿದರು. ಕೊನೆಗೆ ಕೈ ತೆಗೆದು, ಬೆರಳು ಒರೆಸಿಕೊಳ್ಳುತ್ತ ಅಂದರು, "ಬರುವ ವರ್ಷದವರೆಗೆ ಹೆಸರು ಹೊಡೆಯಬೇಡಿ ಅಂತ ಕಾಲೇಜಿಗೆ ತಿಳಿಸ್ತೀನಿ. ಹೆಡ್‌ಮಾಸ್ತರೇ, ಇವರ ಪಾಠಕ್ಕೆ ಅಡ್ಡ ಬರಬೇಡಿ."

ಅವರ ಟಾಂಗಾ ಹೋದ ಮೇಲೆ ವರ್ಗದಲ್ಲಿ ಇಬ್ಬರೇ ಉಳಿದರು. ಗವಿಸಿದ್ದಪ್ಪ ವಲ್ಲಿ ಮಡಚುತ್ತಿದ್ದ. ಅವಳು ಅದನ್ನು ಕಸಿದುಕೊಂಡಳು.

"ಹಿರ್‍ಯಾರ ಮುಂದ ನನ್ನ ಮಾನ ಕಳದಿ. ಬಾವಿಗೆ ಹೋದ್ರ ಎಲ್ಲಾರೂ ನಕ್ಕರು. ಆ ಸಿಟ್ಟು ಇನ್ನೂ ಹೋಗಿಲ್ಲ, ತಿಳೀತಾ?" ವಲ್ಲಿ ಹೊದಿಸಿ ಕೈ ಚಾಚಿದಳು. "ಹಿರ್‍ಯಾರು ಕೇಳಿದ್ದ ನಾ ಈಗ ಕೇಳ್ತೀನಿ. ಬಾಯಿಂದ ಹೇಳಬ್ಯಾಡ."

ಅವನು ಒಂದೇ ಬೆರಳು ಹಿಡಿಯಲಿಲ್ಲ. ಐದನ್ನೂ ಹಿಡಿದ, ಬಳೆ ಚುಚ್ಚುವಷ್ಟು ಬಿಗಿಯಾಗಿ. ಬಾಯಿ ಮಾತ್ರ ತನ್ನ ಹಟ ಬಿಡಲಿಲ್ಲ.

"ಒಲ್ಲೆ," ಎಂದ, ಕಣ್ಣು ತುಂಬಿಕೊಂಡು.

"ನಾನೂ ಒಲ್ಲೆ ಹೋಗು," ಎಂದಳು ಸಾವಂತ್ರೆವ್ವ. ಕೈ ಬಿಡಿಸಿಕೊಳ್ಳಲಿಲ್ಲ.

ಹೊಲದಿಂದ ಹೆಂಗಸರು ತುಂಬಿದ ಉಡಿ ಹೊತ್ತು ತಿರುಗಿ ಬರುತ್ತಿದ್ದರು.

"ನಿಮ್ಮವ್ವಗ ಹೇಳು..." ಎಂದವಳು ನಕ್ಕುಬಿಟ್ಟಳು. "ನಿನಗೆಲ್ಲಿ ಹೇಳಾಕ ಬರತೈತಿ. ನಾನ ಹೋಗಿ ಹೇಳ್ತೀನಿ. ನನ್ನ ಉಡಿ ಇನ್ನೂ ಬಾಕಿ ಐತಿ."