ತೂಗುಸೇತುವೆಯ ರೀಲು

ಹಳೆಯ ಸಿನಿಮಾಗಳ ಸದ್ದು ರಿಪೇರಿ ಮಾಡುವುದು ನನ್ನ ಕೆಲಸ. ಕಿವಿಯನ್ನು ನಂಬುವವನೇ ಹೊರತು ದೆವ್ವವನ್ನಲ್ಲ. ಮುಂದೆ ಹೇಳುವುದನ್ನು ನೀವು ನಂಬದಿದ್ದರೂ ನನಗೆ ಬೇಸರವಿಲ್ಲ.

ಸಿನಿಮಾಕ್ಕೆ ಮಾತು ಬಂದ ಹೊಸತರಲ್ಲಿ ತೆಗೆದ ಸಾಹಸ ಚಿತ್ರವೊಂದು ನಮ್ಮಲ್ಲಿಗೆ ಬಂದಿತ್ತು. ಅದರ ತೂಗುಸೇತುವೆ ದೃಶ್ಯದ ರೀಲಿನಲ್ಲಿ ಚಿತ್ರ ಉಳಿದಿತ್ತು, ಧ್ವನಿ ಕಳೆದುಹೋಗಿತ್ತು. ನಾಯಕಿ ನನ್ನ ದೊಡ್ಡಮ್ಮ. ಆಚೆ ದಡದಿಂದ ಅವಳು ಕೂಗುತ್ತಾಳೆ, ನಾಯಕನ ವೇಷದ ಸಾಹಸಗಾರ ಓಡಿಬರುತ್ತಾನೆ, ಹಗ್ಗ ಹರಿಯುತ್ತದೆ. ಶೂಟಿಂಗಿನಲ್ಲಿ ಅವನು ನಿಜವಾಗಿಯೂ ಬಿದ್ದು ಸತ್ತಿದ್ದ. ಆ ತುಣುಕನ್ನು ಹಾಗೆಯೇ ಉಳಿಸಿಕೊಂಡಿದ್ದರು.

ಕಳೆದ ಮಾತನ್ನು ಅವಳಿಂದಲೇ ಆಡಿಸೋಣವೆಂದು ಒಂದು ಮಧ್ಯಾಹ್ನ ಕರೆತಂದೆ.

“ಹಗ್ಗ ಸವೆದಿದ್ದು ಕಣ್ಣಿಗೆ ಬಿದ್ದಿತ್ತು ಕಣೋ. ಆದ್ರೂ ಹೇಳ್ಕೊಟ್ಟ ಹಾಗೆ ‘ಬೇಗ ಬಾ’ ಅಂದುಬಿಟ್ಟೆ. ಹೇಗೂ ಧ್ವನಿ ಹೋಗಿದ್ಯಲ್ಲ, ಈಗಲಾದ್ರೂ ಸರಿಯಾಗಿ ಹೇಳ್ತೀನಿ.”

ಮೈಕಿನ ಮುಂದೆ ನಿಂತು, “ನಿಂತ್ಕೋ! ಬರಬೇಡ!” ಎಂದು ಕೂಗಿದಳು.

ಬಾಯಿ ಒಂದು, ಮಾತು ಒಂದು ಆಗುತ್ತದೆಂದು ಗೊಣಗುತ್ತಲೇ ಅವಳು ಕೂಗುವ ತುಣುಕಿಗಷ್ಟೇ ಜೋಡಿಸಿ ಕೇಳಿದೆ. ಪರದೆಯ ಮೇಲಿನ ಅವಳ ತುಟಿಗೂ ಈ ಮಾತಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಮಾತಿನ ಹಿಂದೆ ಹಗ್ಗ ಕಿರುಗುಟ್ಟುತ್ತಿತ್ತು. ಕಿಟಕಿಯಿಲ್ಲದ ಆ ಕೋಣೆಯಲ್ಲಿ ನೀರಿನ ಮೇಲಿಂದ ಬಂದಂಥ ತಣ್ಣನೆಯ ಗಾಳಿ ಬೀಸಿ, ದೊಡ್ಡಮ್ಮ ತೋಳು ಉಜ್ಜಿಕೊಂಡಳು.

“ದಾಟಿದ್ನೇನೋ?” ಎಂದಳು.

“ಸುಸ್ತಾಗಿದ್ದೀಯ. ನಾಳೆ ಪೂರ್ತಿ ತೋರಿಸ್ತೀನಿ, ನಡಿ,” ಎಂದೆ.

ಆ ನಾಳೆ ಅವಳಿಗೆ ಬರಲಿಲ್ಲ.

ಅವಳ ಸಂಸ್ಕಾರ ಮುಗಿಸಿ ಬಂದ ಮೇಲೆ ರೀಲು ಹಾಕಿದೆ. ಹಗ್ಗ ಹರಿಯಲಿಲ್ಲ. ಅವನು ಸೇತುವೆಯ ನಡುವೆ ನಿಂತುಬಿಟ್ಟಿದ್ದಾನೆ, ಕಿವಿಯ ಹಿಂದೆ ಅಂಗೈ ಇಟ್ಟು, ದೊಡ್ಡಮ್ಮನ ಕಡೆಗೇ ನೋಡುತ್ತ. ಎಷ್ಟು ಸಲ ಹಾಕಿದರೂ ರೀಲು ಮುಗಿಯುವವರೆಗೆ ಹಾಗೆಯೇ ನಿಂತಿರುತ್ತಾನೆ. ಮುಂದೇನು ಮಾಡಬೇಕೆಂದು ಅವನಿಗೆ ಹೇಳುವವರು ಯಾರೂ ಉಳಿದಿಲ್ಲ.