ಕರಡು ತಿದ್ದುವವಳ ಕಣ್ತಪ್ಪು

ಡಾಕ್ಟರಮ್ಮನಿಗೆ ಅವಳ ಗುರುತು ಹತ್ತಲಿಲ್ಲ. ದ್ವೇಷಕ್ಕೆ ಬೇರೆ ಕಾರಣಗಳಿದ್ದವು, ಎಲ್ಲವೂ ಹಳೆಯವು. ಆದರೆ ಕೊಲ್ಲಲೇಬೇಕು ಎಂದು ತೀರ್ಮಾನವಾದದ್ದು ಆಸ್ಪತ್ರೆಯ ಆ ಕೋಣೆಯ ಬಾಗಿಲಲ್ಲಿ, ಡಾಕ್ಟರಮ್ಮ ನಗುತ್ತ "ಬನ್ನಿ, ಬನ್ನಿ. ಹೊಸಬರಾ?" ಎಂದು ಕೇಳಿದಾಗ.

ಹೊಸಬರು. ಮದುವೆಯಾದ ಹೊಸತರಲ್ಲಿ ಹೊಟ್ಟೆನೋವೆಂದು ಇದೇ ಹೆಂಗಸಿನ ಮುಂದೆ ಅವಳು ಮಲಗಿದ್ದಳು. ಆಗಲೂ ಡಾಕ್ಟರಮ್ಮ ಅವಳ ಮುಖ ನೋಡಿರಲಿಲ್ಲ, ಹೊಟ್ಟೆ ನೋಡಿದ್ದಳು. ಮಾತಾಡಿದ್ದೆಲ್ಲ ಅತ್ತೆಯ ಹತ್ತಿರ. "ಗರ್ಭಕೋಶ ಕೆಟ್ಟಿದೆ. ಇಟ್ಟುಕೊಂಡರೆ ಮುಂದೆ ಕ್ಯಾನ್ಸರ್ ಆಗಬಹುದು. ತೆಗೆದುಬಿಡೋಣ." ಹಲ್ಲು ಕೀಳುವವರು ಕೂಡ ಅದಕ್ಕಿಂತ ಹೆಚ್ಚು ಹೊತ್ತು ಯೋಚಿಸುತ್ತಾರೆ. ಹೇಗೂ ಹೊಟ್ಟೆ ತೆರೆದಾಗಿತ್ತಲ್ಲ, ಜೊತೆಯಲ್ಲೇ ಅಂಡಾಶಯಗಳೂ ಹೋದವು. ಮೂವತ್ತು ತುಂಬುವ ಮೊದಲೇ ಅವಳಿಗೆ ಮುದುಕಿಯರ ಬೆವರು, ಮುದುಕಿಯರ ಮಂಡಿನೋವು ಬಂತು. ಗಂಡ ಮಕ್ಕಳಾಗುವವಳನ್ನು ಕಟ್ಟಿಕೊಂಡ. ಎಷ್ಟೋ ವರ್ಷ ಕಳೆದ ಮೇಲೆ ಬೇರೊಬ್ಬ ಡಾಕ್ಟರು ಹಳೆಯ ಕಾಗದಗಳನ್ನು ನೋಡಿ, ಕನ್ನಡಕ ತೆಗೆದು, ಮೆಲ್ಲಗೆ ಹೇಳಿದ್ದರು: ಬರೀ ಸೋಂಕು ಕಣಮ್ಮ, ಮಾತ್ರೆಯಲ್ಲೇ ಹೋಗುತ್ತಿತ್ತು.

ಗಂಡನ ಮನೆ ಬಿಟ್ಟವಳು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸ ಹಿಡಿದಳು. ಕೊಂಬು, ದೀರ್ಘ, ಒತ್ತು, ಏನೂ ಅವಳ ಕಣ್ಣು ತಪ್ಪಿಸಿಕೊಂಡು ಹೋಗುತ್ತಿರಲಿಲ್ಲ. "ನಿನ್ನ ಕಣ್ಣಿಗೆ ಬೀಳದ ತಪ್ಪು ತಪ್ಪೇ ಅಲ್ಲ ಬಿಡಮ್ಮ" ಎಂದು ಮಾಲೀಕರು ಹೇಳುವುದಿತ್ತು. ಆ ಮಾತನ್ನು ಅವಳು ನಂಬಿದ್ದಳು. ಒಂದು ಬೆಳಿಗ್ಗೆ ಅವಳ ಮೇಜಿಗೆ ಆಸ್ಪತ್ರೆಯ ಕರಪತ್ರವೊಂದು ಬಂತು. ‘ಗರ್ಭಕೋಶ ತೆಗೆಸುವ ಮುನ್ನ ಬನ್ನಿ, ಮಾತಾಡೋಣ. ಪ್ರತಿ ಮಂಗಳವಾರ ಮಧ್ಯಾಹ್ನ. ಅವಸರ ಬೇಡ.’ ಕೆಳಗೆ ಡಾಕ್ಟರಮ್ಮನ ಹೆಸರು. ಅಕ್ಷರ ಜೋಡಿಸುವವನ ಅಜಾಗರೂಕತೆಯಿಂದ ‘ಬೇಡ’ ಬಿಟ್ಟುಹೋಗಿ ಬರೀ ‘ಅವಸರ’ ಉಳಿದಿತ್ತು. ಅವಳು ಕೆಂಪು ಶಾಯಿಯಲ್ಲಿ ‘ಬೇಡ’ ಸೇರಿಸಿ, ಪೆನ್ನಿನ ಮುಚ್ಚಳ ಹಾಕಿದಳು.

ಆ ಮಂಗಳವಾರವೇ ಹೋದಳು. ಮೊದಲ ಮಹಡಿಯ ಬಿಸಿಲು ಬೀಳುವ ಕೋಣೆ. ಗೋಡೆಯ ಮೇಲೆ ಹೆಣ್ಣಿನ ಕಿಬ್ಬೊಟ್ಟೆಯ ಒಳಚಿತ್ರ, ಪಕ್ಕದಲ್ಲಿ ಬೋರ್ಡು, ಕಿಟಕಿಯ ಕಟ್ಟೆಯ ಮೇಲೆ ಎರಡು ಫ್ಲಾಸ್ಕು, ತಿಳಿನೀಲಿ ಬಟ್ಟೆಯ ಕುರ್ಚಿಗಳು ಅರ್ಧ ವೃತ್ತದಲ್ಲಿ. ಕುಳಿತ ಹೆಂಗಸರೆಲ್ಲರದೂ ಒಂದೇ ಕಷ್ಟ: ವಿಪರೀತ ರಕ್ತಸ್ರಾವ, ಗಡ್ಡೆ, ನೋವು. ಎಲ್ಲರದೂ ಒಂದೇ ಪ್ರಶ್ನೆ: ತೆಗೆಸುವುದೋ, ಬೇಡವೋ.

"ತೆಗೆಸಿದ್ರೆ ದಪ್ಪ ಆಗ್ತಾರಂತೆ, ಹೌದಾ ಡಾಕ್ಟ್ರೇ?" ಎಂದಳು ಶಾಲೆಯ ಟೀಚರು.

"ಈಗೇನು ಕಡ್ಡಿ ಥರ ಇದೀವಾ ಟೀಚರ್? ನಾನು ಬಸ್ಸಲ್ಲಿ ಹಿಂದಕ್ಕೆ ಹೋಗಬೇಕಂದ್ರೆ ಎರಡೂ ಕಡೆಯವರು ಉಸಿರು ಬಿಗಿಹಿಡೀಬೇಕು." ಇದು ಕಂಡಕ್ಟರಮ್ಮ. ಬಸ್ಸಿನಲ್ಲಿ ಕೂಗಿ ಕೂಗಿ ಒಡೆದ ಗಂಟಲು, ಮೈತುಂಬ ನಗು.

ಮೂಲೆಯಲ್ಲಿ ಕುಳಿತಿದ್ದ ಹೊಲಿಗೆಯವಳು ಸೆರಗು ತಿರುವುತ್ತ ಕೇಳಿದಳು, "ನಮ್ಮನೆಯವರು ಕೇಳ್ತಿದ್ರು... ಆಮೇಲೆ ಮೊದಲಿನ ಥರ ಇರೋಕಾಗುತ್ತಾ ಅಂತ."

"ಅವರೇ ಬಂದು ಕೇಳ್ಲಿ. ಕುರ್ಚಿ ಖಾಲಿ ಇದೆ" ಎಂದಳು ಕಂಡಕ್ಟರಮ್ಮ.

ಡಾಕ್ಟರಮ್ಮ ನಗುತ್ತಲೇ ಎಲ್ಲಕ್ಕೂ ಉತ್ತರ ಕೊಟ್ಟಳು. ಮೊದಲು ಮಾತ್ರೆ ನೋಡೋಣ. ಅದರಲ್ಲಿ ಆಗದಿದ್ದರೆ ಗರ್ಭಕೋಶದೊಳಗೆ ಇಡುವ ಪುಟ್ಟ ಸಾಧನವಿದೆ, ಸ್ರಾವ ಕಡಿಮೆಯಾಗುತ್ತೆ. ಗಡ್ಡೆಯನ್ನಷ್ಟೇ ತೆಗೆಯಬಹುದು. ಗಡ್ಡೆಗೆ ರಕ್ತ ಹೋಗುವ ದಾರಿ ಮುಚ್ಚಿ ಒಣಗಿಸಬಹುದು. ಏನೂ ಆಗದಿದ್ದರೆ ಮಾತ್ರ ತೆಗೆಯೋದು, ಆಗಲೂ ಅಂಡಾಶಯ ಚೆನ್ನಾಗಿದ್ದರೆ ಉಳಿಸಿಕೊಳ್ಳಬಹುದು. "ನಿಮ್ಮ ಮೈ. ನೀವೇ ಹೇಳಬೇಕು. ನಿಮ್ಮತ್ತೆ ಅಲ್ಲ, ಗಂಡ ಅಲ್ಲ, ನಾನೂ ಅಲ್ಲ."

ತನಗೆ ಕೊಡದೇ ಇದ್ದದ್ದನ್ನೆಲ್ಲ ಒಂದೊಂದಾಗಿ ಬೇರೆಯವರ ಮಡಿಲಿಗೆ ಹಾಕುವುದನ್ನು ಅವಳು ಕೈಕಟ್ಟಿ ಕುಳಿತು ಕೇಳಿದಳು. ಕೊನೆಗೆ, ಬಹಳ ಮೃದುವಾಗಿ, "ಹಿಂದೆಯೂ ಹೀಗೆ ಕೇಳಿಯೇ ಮಾಡ್ತಿದ್ರಾ ಡಾಕ್ಟ್ರೇ?" ಎಂದಳು.

"ಹಿಂದೆ ಕಾಲವೇ ಹಾಗಿತ್ತಮ್ಮ" ಎಂದು ಡಾಕ್ಟರಮ್ಮ ಬೋರ್ಡು ಒರೆಸಿದಳು. ಒರೆಸಿ ಕೈಗೆ ಹತ್ತಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡಳು.

ಅವಳು ಸಂಚನ್ನು ಕರಡು ತಿದ್ದುವ ಹಾಗೆಯೇ ಕಟ್ಟಿದಳು, ಸಾಲು ಸಾಲಾಗಿ, ಬೆರಳಿಟ್ಟು ಓದಿ. ಸಾಯಿಸುವುದು ಸುಲಭದ ಭಾಗ. ಡಾಕ್ಟರಮ್ಮನ ಹೃದಯಕ್ಕೆ ಆಗಲೇ ಒಮ್ಮೆ ರಿಪೇರಿಯಾಗಿತ್ತು. ಮೆಟ್ಟಿಲು ಹತ್ತಿ ಬಂದರೆ ಎದೆಯ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದಳು. ತೀರಿಕೊಂಡ ಅಮ್ಮನ ಹೃದಯದ ಮಾತ್ರೆಗಳು ಇನ್ನೂ ಬೀರುವಿನಲ್ಲಿದ್ದವು. ಕಾಯಿಲೆಯವರನ್ನು ಕಾಪಾಡುವ ಮಾತ್ರೆ ಹೆಚ್ಚಾದರೆ ಏನು ಮಾಡುತ್ತದೆಂದು ಅಮ್ಮನ ಆರೈಕೆ ಮಾಡಿದವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಹೃದ್ರೋಗಿ ಹೃದಯ ನಿಂತು ಸತ್ತರೆ ಯಾರು ಹುಬ್ಬೇರಿಸುತ್ತಾರೆ? ಒಂದು ವೇಳೆ ಏರಿಸಿದರೂ ಅವಳಿಗೆ ಇನ್ನೊಂದು ಗೋಡೆಯ ಮರೆಯಿತ್ತು, ಮೊದಲಿನದಕ್ಕಿಂತ ಗಟ್ಟಿಯದು. ತನ್ನ ಕಾಯಿಲೆ ವಾಸಿಮಾಡಬೇಕಾದ ಡಾಕ್ಟರನ್ನು ಯಾವ ರೋಗಿ ಕೊಲ್ಲುತ್ತಾಳೆ? ಡಾಕ್ಟರಮ್ಮ ಬದುಕಿರಲೇಬೇಕಾದವರ ಸಾಲಿನಲ್ಲಿ ಅವಳು ಮೊದಲು ನಿಲ್ಲಬೇಕು, ಅಷ್ಟೇ.

ಆದ್ದರಿಂದ ರೋಗಿಯ ಪಾತ್ರವನ್ನು ಅವಳು ಅಕ್ಷರ ಬಿಡದೆ ಕಲಿತಳು. ಗಾಢ ಬಣ್ಣದ ಸೀರೆಗಳನ್ನೇ ಉಟ್ಟಳು. ತುಟಿಗೆ ತೆಳುವಾಗಿ ಪೌಡರು ಸವರಿ ರಕ್ತಹೀನಳಾದಳು. ಚೀಲದ ಬಾಯಿ ತೆರೆದರೆ ಪ್ಯಾಡಿನ ಕಟ್ಟು ಕಾಣುವಂತೆ ಇಟ್ಟುಕೊಂಡಳು. ಕಬ್ಬಿಣಾಂಶದ ಮಾತ್ರೆಯನ್ನು ಎಲ್ಲರೆದುರು ನುಂಗಿ ಮುಖ ಕಿವುಚಿದಳು. ಮಾತಿನ ನಡುವೆ ಥಟ್ಟನೆ ನಿಲ್ಲಿಸಿ, ಸೊಂಟ ಹಿಡಿದು, ತುಟಿ ಕಚ್ಚಿ, ಮತ್ತೆ ಮಾತು ಮುಂದುವರಿಸುವುದನ್ನು ಟೀಚರನ್ನು ನೋಡಿ ಎತ್ತಿಕೊಂಡಳು. "ಗಂಟೆಗೊಂದ್ಸಲ ಬದಲಾಯಿಸಬೇಕು" ಎಂಬ ಮಾತು ಹೊಲಿಗೆಯವಳದು. "ಹಾಸಿಗೆ ಮೇಲೆ ಪ್ಲಾಸ್ಟಿಕ್ ಹಾಸ್ಕೊಂಡು ಮಲಗ್ತೀನಿ" ಎನ್ನುವುದು ಕಂಡಕ್ಟರಮ್ಮನದು. ಸ್ಕ್ಯಾನಿಂಗು ಬೇರೆ ಕಡೆ ಮಾಡಿಸಿದ್ದೇನೆ, ತರುತ್ತೇನೆ ಎಂದು ದಿನ ದೂಡಿದಳು. ಪರೀಕ್ಷೆಯ ಮೇಜು ಹತ್ತುವ ಸರದಿ ಬರುವುದರೊಳಗೆ ಪರೀಕ್ಷಿಸುವ ಕೈಯೇ ಇರುವುದಿಲ್ಲವಲ್ಲ.

ಕಾಫಿಯ ವಿಷಯದಲ್ಲೂ ಅವಳು ಅವಸರ ಮಾಡಲಿಲ್ಲ. ತಿದ್ದುವವರ ಕಣ್ಣು ಹೊಸ ಪದದ ಮೇಲೆ ನಿಲ್ಲುತ್ತದೆ, ದಿನಾ ಕಾಣುವ ಪದದ ಮೇಲೆ ಜಾರುತ್ತದೆ. ಅವಳು ದಿನಾ ಕಾಣುವ ಪದವಾದಳು. ವಿರಾಮದಲ್ಲಿ ಎಲ್ಲರಿಗೂ ಕಾಫಿ ಬಗ್ಗಿಸಿ ಕೊಡುವುದು ಅವಳೇ. ಡಾಕ್ಟರಮ್ಮನ ಸಕ್ಕರೆಯಿಲ್ಲದ, ಕೆಂಪು ಮುಚ್ಚಳದ ಫ್ಲಾಸ್ಕಿನದನ್ನು ಬೇರೆ ಲೋಟಕ್ಕೆ ಹಾಕುವುದೂ ಅವಳೇ. ಕಹಿ ಕಾಫಿಯಲ್ಲಿ ಇನ್ನೊಂದಿಷ್ಟು ಕಹಿ ಯಾರಿಗೆ ತಿಳಿಯುತ್ತದೆ? "ಪಾಪ, ಕೂತ್ಕೊಳ್ಳಿ, ನಿಮಗೇ ಆಗಲ್ಲ" ಎಂದು ಟೀಚರು ಎದ್ದರೆ, "ಇರಲಿ ಬಿಡಿ, ನಡೆದಾಡಿದ್ರೆ ನೋವು ಮರೆಯುತ್ತೆ" ಎನ್ನುತ್ತಿದ್ದಳು.

ಈ ಹೆಂಗಸರ ಬಗ್ಗೆ ಅವಳಿಗೆ ತಾತ್ಸಾರವೇ ಇತ್ತು. ಮೂರು ಕಾಸಿಗೆ ಬಾರದ ಭಯಗಳು, ಮೂಗು ಒರೆಸಿಕೊಳ್ಳುವುದು, ಒಬ್ಬರ ಕೈ ಒಬ್ಬರು ಹಿಡಿದುಕೊಳ್ಳುವುದು. ಕುರ್ಚಿಯಿಂದ ಎದ್ದರೆ ಒಬ್ಬರೂ ನೆಟ್ಟಗೆ ಬಾಗಿಲಿಗೆ ಹೋಗುವವರಲ್ಲ; ಏನೋ ಮರೆತವರ ಹಾಗೆ ಹಿಂದಕ್ಕೆ ತಿರುಗಿ ನೋಡುವುದು. ಕೊಡೆಯೋ, ಕನ್ನಡಕವೋ, ಚೀಲವೋ. ಬಿಟ್ಟುಹೋಗುವ ಭಯದಲ್ಲೇ ಹುಟ್ಟಿದವರು. ತಾನು ಹಾಗಲ್ಲ. ತಾನು ಎಲ್ಲಿಯೂ ಏನನ್ನೂ ಬಿಟ್ಟುಹೋಗುವವಳಲ್ಲ. ಚೀಲ ಹೆಗಲಿಗೇರಿಸಿ ಎದ್ದಳೆಂದರೆ ನೇರ ಬಾಗಿಲಿಗೆ.

ಎಲ್ಲರಿಗಿಂತ ಹೆಚ್ಚು ರೇಗುತ್ತಿದ್ದದ್ದು ಕಂಡಕ್ಟರಮ್ಮನ ಮೇಲೆ. ಬೆನ್ನು ಬಿಡದ ಬೇತಾಳ. ಅವಳು ಎದ್ದರೆ ಕಂಡಕ್ಟರಮ್ಮನೂ ಏಳುತ್ತಿದ್ದಳು. ಮೆಟ್ಟಿಲಿಳಿದರೆ ಸರಿಯಾಗಿ ಒಂದು ಮೆಟ್ಟಿಲು ಹಿಂದೆ. ಬಸ್ಸಿನ ತನಕ ಹಿಂದೆ ಹಿಂದೆಯೇ ಬರುತ್ತಿದ್ದಳು, ಪಕ್ಕಕ್ಕೆ ಬಾ ಎಂದರೂ ಬಾರಳು.

"ಮುಂದೆ ಬನ್ನಿ ಅಕ್ಕ, ಜೊತೆಗೆ ನಡೆಯೋಣ" ಎಂದು ಒಮ್ಮೆ ಹಲ್ಲು ಕಚ್ಚಿಕೊಂಡೇ ಕರೆದಿದ್ದಳು.

"ನೀನು ಹೋಗ್ತಾ ಇರು ತಂಗಿ. ನಾನು ಹಿಂದೆ ಇದೀನಲ್ಲ, ಏನೂ ಯೋಚನೆ ಮಾಡ್ಬೇಡ."

ಸಂಶಯವೇ? ಅವಳು ಒಂದು ವಾರ ಅದನ್ನೇ ತಿರುಗಿಸಿ ಮುರುಗಿಸಿ ನೋಡಿದಳು. ಅಲ್ಲ. ಆ ಮುಖದಲ್ಲಿ ಸಂಶಯಪಡುವಷ್ಟು ಜಾಣತನವಿರಲಿಲ್ಲ. ಅಂಟುಬುರುಕ ಸ್ವಭಾವ, ಅಷ್ಟೇ. ಸಾಲು ಮುಗಿಸಿ ಮುಂದಿನದಕ್ಕೆ ಹೋದಳು.

ಕೊನೆಗೆ ಒಂದು ಮಂಗಳವಾರ ಹೊಲಿಗೆಯವಳು ತನ್ನ ನಿರ್ಧಾರ ಹೇಳಿದಳು: ಸಾಧನವನ್ನೇ ಹಾಕಿಸಿಕೊಳ್ಳುತ್ತೇನೆ, ಗರ್ಭಕೋಶ ಸದ್ಯಕ್ಕಿರಲಿ. ಎಲ್ಲರೂ ಸಂತೋಷಪಟ್ಟರು. ಡಾಕ್ಟರಮ್ಮ ಅವಳ ಕೆನ್ನೆ ತಟ್ಟಿ, "ಯಾರೂ ಬಲವಂತ ಮಾಡಿಲ್ಲ ತಾನೆ? ನಿನ್ನದೇ ನಿರ್ಧಾರ ತಾನೆ?" ಎಂದು ಕೇಳಿದಳು. ಕಿಟಕಿಯ ಕಡೆ ಬೆನ್ನು ಮಾಡಿ ಎಲ್ಲರೂ ಹೊಲಿಗೆಯವಳನ್ನು ಸುತ್ತುವರಿದಿದ್ದ ಆ ಹೊತ್ತಿನಲ್ಲಿ ಅಮ್ಮನ ಮಾತ್ರೆಗಳ ಪುಡಿ ಡಾಕ್ಟರಮ್ಮನ ಲೋಟಕ್ಕೆ ಬಿತ್ತು, ಚಮಚ ಒಂದು ಸುತ್ತು ಸುತ್ತಿತು. ಡಾಕ್ಟರಮ್ಮ ಎರಡು ಗುಟುಕು ಕುಡಿದು, "ಥ್ಯಾಂಕ್ಸ್ ಕಣಮ್ಮ, ನೀನಿಲ್ಲದಿದ್ದರೆ ನಮಗೆ ಕಾಫಿಯೇ ಇಲ್ಲ" ಎಂದಳು. ಉಳಿದದ್ದನ್ನೂ ಕುಡಿದಳು. ಲೋಟಗಳನ್ನೆಲ್ಲ ಎಂದಿನಂತೆ ಅವಳೇ ತೊಳೆದಿಟ್ಟಳು.

ಸಂಜೆ ಮನೆಯ ಸೋಫಾದಲ್ಲಿ ಕುಳಿತಲ್ಲೇ ಡಾಕ್ಟರಮ್ಮ ಹೋದಳಂತೆ. ಸುದ್ದಿ ತಂದ ಟೀಚರು ಫೋನಿನಲ್ಲಿ ಬಿಕ್ಕಿದಳು. ಅವಳೂ ಬಿಕ್ಕಿದಳು, ಟೀಚರಿಗಿಂತ ಒಂದು ಗುಟುಕು ಕಡಿಮೆ.

ಹುಬ್ಬೇರಿಸಿದವನು ಡಾಕ್ಟರಮ್ಮನ ಮಗ, ಅವನೂ ಡಾಕ್ಟರು. ಶವಪರೀಕ್ಷೆಯಾಯಿತು, ಡಾಕ್ಟರಮ್ಮ ಎಂದೂ ತೆಗೆದುಕೊಳ್ಳದ ಔಷಧ ರಕ್ತದಲ್ಲಿ ಸಿಕ್ಕಿತು. ಮೊದಲ ಗೋಡೆ ಬಿತ್ತು. ಅವಳು ಕದಲಲಿಲ್ಲ. ಎರಡನೆಯದನ್ನು ಕಟ್ಟಿದ್ದೇ ಇದಕ್ಕಲ್ಲವೇ.

ಇನ್ಸ್‌ಪೆಕ್ಟರು ಹೆಂಗಸು, ನಡುವಯಸ್ಸಿನವಳು. ಅದೇ ಬಿಸಿಲಿನ ಕೋಣೆಯಲ್ಲಿ, ಅದೇ ನೀಲಿ ಕುರ್ಚಿಗಳಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ಕೇಳುತ್ತಿದ್ದಳು. ತನ್ನ ಸರದಿ ಬಂದು ಅವಳು ಒಳಗೆ ಹೋಗುವಾಗ ಕಂಡಕ್ಟರಮ್ಮ ಕಣ್ಣೊರೆಸುತ್ತ ಹೊರಗೆ ಬಂದಳು. ಬಾಗಿಲಲ್ಲಿ ಅವಳ ಭುಜ ಒತ್ತಿ, "ಹೆದರಬೇಡ ತಂಗಿ, ನಿನ್ನ ಕಷ್ಟ ಎಲ್ಲಾ ಹೇಳಿದೀನಿ" ಎಂದಳು.

"ಕಾಫಿ ಕೊಟ್ಟಿದ್ದು ನೀವು" ಎಂದಳು ಇನ್ಸ್‌ಪೆಕ್ಟರು.

"ಹೌದು ಮೇಡಂ. ಯಾವಾಗಲೂ ನಾನೇ."

"ಎಲ್ಲರೂ ಹಾಗೇ ಅಂದ್ರು. ಆ ಫ್ಲಾಸ್ಕು ಬೆಳಿಗ್ಗೆಯಿಂದ ಅಲ್ಲೇ ಇತ್ತು, ಯಾರು ಬೇಕಾದ್ರೂ ಮುಟ್ಟಬಹುದಿತ್ತು ಅಂತಾನೂ ಅಂದ್ರು." ಇನ್ಸ್‌ಪೆಕ್ಟರು ಹಾಳೆ ತಿರುವಿದಳು. "ನಿಮ್ಮ ಆಪರೇಷನ್?"

"ಮುಂದಿನ ತಿಂಗಳು ನೋಡೋಣ ಅಂದಿದ್ರು. ತೆಗೆಸಲೋ ಬೇಡವೋ ಅಂತ ಅವರನ್ನೇ ನಂಬ್ಕೊಂಡು ಕೂತಿದ್ದೆ. ಇನ್ನು ಯಾರನ್ನ ಕೇಳಲಿ?" ಕಣ್ಣೀರು ತಾನಾಗಿಯೇ ಬಂತು, ಅವಳಿಗೇ ಆಶ್ಚರ್ಯವಾಗುವಷ್ಟು.

"ಈಗ್ಲೂ ತುಂಬಾ ಹೋಗ್ತಿದೆಯಾ?"

"ಇವತ್ತೇ ಜಾಸ್ತಿ ಮೇಡಂ. ಬೆಳಿಗ್ಗೆಯಿಂದ ನಿಂತೇ ಇಲ್ಲ." ಸೊಂಟ ಹಿಡಿದಳು, ತುಟಿ ಕಚ್ಚಿದಳು.

"ಪಾಪ. ಆಯ್ತು, ಹೋಗಿ ಮಲಗಿ." ಅವಳು ಚೀಲ ಹೆಗಲಿಗೇರಿಸಿ ಎದ್ದು ನೇರ ಬಾಗಿಲಿಗೆ ನಡೆದಳು.

"ಒಂದು ನಿಮಿಷ" ಎಂಬ ದನಿ ಹಿಂದಿನಿಂದ ಬಂತು. ಇನ್ಸ್‌ಪೆಕ್ಟರು ಅವಳನ್ನು ನೋಡುತ್ತಿರಲಿಲ್ಲ, ಅವಳು ಬಿಟ್ಟೆದ್ದ ಕುರ್ಚಿಯನ್ನು ನೋಡುತ್ತಿದ್ದಳು. ತಿಳಿನೀಲಿ ಬಟ್ಟೆ ಒಗೆದು ಹಾಸಿದಷ್ಟು ಶುಭ್ರವಾಗಿತ್ತು. "ಟೀಚರು ಎದ್ದಾಗ ತಿರುಗಿ ಕುರ್ಚಿ ನೋಡಿದ್ರು. ಹೊಲಿಗೆಯವರು ನೋಡಿದ್ರು. ಕಂಡಕ್ಟರಮ್ಮ ಕೈಯಲ್ಲಿ ಸವರಿ ನೋಡಿದ್ರು. ಅಷ್ಟೆಲ್ಲ ಯಾಕೆ, ಆ ದಿನಗಳಲ್ಲಿ ನಾನೂ ನೋಡ್ತೀನಿ, ಈ ಯೂನಿಫಾರ್ಮಲ್ಲೂ. ಮೈನೆರೆದ ದಿನದಿಂದ ಯಾರೂ ಹೇಳಿಕೊಡದೇ ಬರೋ ಅಭ್ಯಾಸ ಅದು. ‘ಆ ತಂಗಿ ಮಾತ್ರ ಒಂದಿನಾನೂ ನೋಡಲ್ಲ ಮೇಡಂ, ಸಂಕಟದಲ್ಲಿ ಮರೀತಾಳೆ, ಸೀರೆಗೆ ಕಲೆಯಾಗಿ ನಾಲ್ಕು ಜನರ ಮುಂದೆ ನಾಚಿಕೆಯಾಗಬಾರದು ಅಂತ ನಾನೇ ಹಿಂದೆ ಹಿಂದೆ ಹೋಗಿ ನೋಡ್ತಿದ್ದೆ, ಪುಣ್ಯಕ್ಕೆ ಒಂದು ಹನಿಯೂ ಇರ್ತಿರಲಿಲ್ಲ’ ಅಂದ್ರು ಕಂಡಕ್ಟರಮ್ಮ, ನಿಮ್ಮ ಮೇಲಿನ ಕನಿಕರಕ್ಕೆ." ಇನ್ಸ್‌ಪೆಕ್ಟರು ಎದ್ದು ಟೋಪಿ ಕೈಗೆತ್ತಿಕೊಂಡಳು. "ಸ್ಕ್ಯಾನಿಂಗ್ ಕೋಣೆ ಇಲ್ಲೇ ಪಕ್ಕದಲ್ಲಿದೆ. ಬನ್ನಿ, ತೆಗೆಸಬೇಕು ಅಂತಿರೋ ಗರ್ಭಕೋಶ ಒಮ್ಮೆ ನೋಡ್ಕೊಂಡು ಬರೋಣ." ಅವಳ ಕೈ ತಾನಾಗಿ ಕಿಬ್ಬೊಟ್ಟೆಗೆ ಹೋಯಿತು, ಮುಖ ಮರೆತ ಡಾಕ್ಟರಮ್ಮ ಅಲ್ಲಿ ಬಿಟ್ಟುಹೋಗಿದ್ದ ಹೊಲಿಗೆಯ ಗೆರೆಯ ಮೇಲೆ. ಎಷ್ಟು ವರ್ಷವಾಗಿತ್ತು, ಎದ್ದಾಗ ಹಿಂದೆ ನೋಡಬೇಕಾದ ಪ್ರಮೇಯವೇ ಬಾರದೆ. ಅವಳು ಆಗ ನಿಧಾನವಾಗಿ ತಿರುಗಿ, ಮೊದಲ ಸಲ, ಆ ಕುರ್ಚಿಯನ್ನು ನೋಡಿದಳು.