ಘರ್ಷಣೆಯ ಪ್ರೊಫೆಸರು, ಹಲ್ಲಿನ ಡಾಕ್ಟರು

ಅವನು ಅವಳಿಗೆ ಆಡಿದ ಮೊದಲ ಮಾತು, "ಬಾಯಿ ತೆಗೀರಿ."

ಎರಡನೆಯದು, "ಯಾರ ಮೇಲೆ ಇಷ್ಟು ಕೋಪ? ಕಡಿದು ಕಡಿದು ಹಲ್ಲೆಲ್ಲ ಸವೆದಿದೆಯಲ್ಲ!"

ಬಾಯಿತುಂಬ ಹತ್ತಿ ತುರುಕಿಸಿಕೊಂಡು ಉತ್ತರ ಕೊಡುವುದಾದರೂ ಹೇಗೆ? ಭೌತವಿಜ್ಞಾನಿ ಕಣ್ಣಲ್ಲೇ ಗುರ್ರೆಂದಳು. ಮಾಸ್ಕಿನ ಮೇಲಿನ ಎರಡು ಕಣ್ಣುಗಳು ನಕ್ಕವು.

"ಕೋಪ ಅಲ್ಲ, ಯೋಚನೆ," ಎಂದಳು, ಹತ್ತಿ ತೆಗೆದ ಮೇಲೆ. "ನಾನು ಘರ್ಷಣೆ ಮೇಲೆ ರಿಸರ್ಚ್ ಮಾಡೋದು."

"ಲ್ಯಾಬಲ್ಲಿ ಮಾಡಿ ಮೇಡಂ. ಬಾಯಲ್ಲಿ ಬೇಡ."

ಒಂದರ ಮೇಲೊಂದು ಕೂತ ಕಲ್ಲುಗಳು ಯಾವ ಗಳಿಗೆಯಲ್ಲಿ ಜಾರುತ್ತವೆ, ಯಾಕೆ ಜಾರುತ್ತವೆ? ಅವಳ ಬದುಕೆಲ್ಲ ಇದೇ. ನಕ್ಷತ್ರ ಬಿಟ್ಟು ಕಲ್ಲು ಉಜ್ಜುತ್ತಾಳೆಂದು ಜೊತೆಯವರು ಆಡಿಕೊಂಡಿದ್ದರು. ಭೂಕಂಪದ ವಿಜ್ಞಾನಿಗಳು ಅವಳ ಪ್ರಬಂಧಗಳನ್ನು ಹುಡುಕಿಕೊಂಡು ಬಂದ ಮೇಲೆ ಆ ನಗು ಅಡಗಿತು. ಆದರೆ ಪಿಎಚ್.ಡಿ. ಒಂದೂರಲ್ಲಿ, ಅದರ ಮುಂದಿನ ಪೋಸ್ಟ್‌ಡಾಕ್ ಸಂಶೋಧನೆ ಮತ್ತೊಂದರಲ್ಲಿ. ಗ್ರ್ಯಾಂಟಿನ ಹಣ ಮುಗಿಯುತ್ತಲೇ ಗಂಟುಮೂಟೆ. ಕುಂಡದಲ್ಲಿ ಒಂದು ಗಿಡ ಸಾಕಲೂ ಅವಳಿಗೆ ಧೈರ್ಯವಿರಲಿಲ್ಲ.

ಹಲ್ಲು ವಾಸಿಯಾಯಿತು. ಡಾಕ್ಟರು ಮಾತ್ರ ವಾಸಿಯಾಗಲಿಲ್ಲ. "ಈ ಕಡೆ ಬಂದಿದ್ದೆ" ಎಂದು ಸಂಜೆ ಲ್ಯಾಬಿಗೆ ಬರುವನು. ಆ ಕಡೆ ಅವನಿಗೆ ಬೇರೆ ಯಾವ ಕೆಲಸವೂ ಇರಲಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಅಷ್ಟರಲ್ಲಿ ದೂರದ ಊರಿಂದ ಖಾಯಂ ಪ್ರೊಫೆಸರ್ ಹುದ್ದೆ ಬಂತು. ಚಿಕ್ಕಮ್ಮನೊಬ್ಬಳಿಗೆ ಬಿಟ್ಟು ಅವಳು ಯಾರಿಗೂ ಹೇಳಲಿಲ್ಲ. ಚಿಕ್ಕಮ್ಮ ದವಡೆ ಹಲ್ಲು ತೋರಿಸಲು ಅವನ ಕ್ಲಿನಿಕ್ಕಿಗೇ ಹೋದಳು.

ಆಮೇಲೆ ಒಂದು ವಾರ ಅವನ ಸುಳಿವಿಲ್ಲ. ಬಂದವನು ಲ್ಯಾಬಿನ ಬಾಗಿಲಲ್ಲೇ ನಿಂತ.

"ಕಂಗ್ರಾಟ್ಸ್. ಬಾಯಿ ತೆಗೀರಿ ಅಂದಿದ್ದಷ್ಟೇ, ನಿಮ್ಮ ಚಿಕ್ಕಮ್ಮ ಎಲ್ಲಾ ಹೇಳಿಬಿಟ್ರು. ನೀವ್ಯಾಕೆ ಹೇಳಲಿಲ್ಲ?"

"ಹೋಗ್ಬೇಡಿ ಅಂತೀರೇನೋ ಅಂತ."

"ಯಾವತ್ತೂ ಅನ್ನಲ್ಲ."

ಅದು ಅವಳಿಗೆ ಚುರುಕ್ಕೆಂದಿತು. "ಅಷ್ಟು ಸುಲಭಾನಾ?"

"ಸುಲಭ ಅಂತ ಯಾರಂದ್ರು? ಇದೇ ಯೋಚನೇಲಿ ನಿನ್ನೆ ಒಬ್ಬರ ಹುಳುಕು ಹಲ್ಲು ಬಿಟ್ಟು ಗಟ್ಟಿ ಹಲ್ಲಿಗೇ ಕೈ ಹಾಕಿದ್ದೆ. ಪಾಪ, ಕೂಗಿಕೊಂಡ್ರು."

ನಗು ತಡೆಯಲು ಅವಳು ಘರ್ಷಣೆ ಅಳೆಯುವ ಯಂತ್ರದತ್ತ ತಿರುಗಿದಳು. ಅಲ್ಲಿ ಎರಡು ಕಲ್ಲುಗಳು ಒಂದನ್ನೊಂದು ಒತ್ತಿ ಕೂತಿದ್ದವು.

"ಇವನ್ನ ಸುಮ್ನೆ ಬಿಟ್ಟಷ್ಟೂ ಹಿಡಿತ ಬಿಗಿಯಾಗತ್ತೆ. ಯಾರೂ ಏನೂ ಮಾಡ್ಬೇಕಿಲ್ಲ, ಜೊತೆಗಿದ್ರೆ ಸಾಕು. ಇಷ್ಟು ವರ್ಷ ಅದನ್ನೇ ಅಳೆದೆ. ನಾನು ಮಾತ್ರ ಎಲ್ಲೂ ಅಷ್ಟು ಹೊತ್ತು ಇದ್ದವಳಲ್ಲ." ಅವಳು ಅವನತ್ತ ತಿರುಗಿದಳು. "ಆ ಕೆಲಸ ನನಗೆ ಬೇಕು. ನೀವೂ ಬೇಕು. ಎರಡನ್ನೂ ಒಟ್ಟಿಗೆ ಕೇಳೋದು ಹೇಗೆ ಅಂತ ಗೊತ್ತಿಲ್ಲ."

"ಕೇಳಿ ನೋಡಿ."

"ನನ್ನ ಜೊತೆ ಬರ್ತೀರಾ?"

ಅವನು ಹತ್ತಿರ ಬಂದು ಸ್ಟೂಲೆಳೆದು ಕೂತ.

"ಕ್ಲಿನಿಕ್ಕು ಅಪ್ಪ ಕಟ್ಟಿದ್ದು. ತಂಗಿ ಡೆಂಟಲ್ ಓದು ಮುಗಿಸಿ ಬರೋವರೆಗೂ ಬಿಡೋಕಾಗಲ್ಲ. ನೀವು ಮುಂದೆ ಹೋಗಿ. ಮನೆ ನೋಡುವಾಗ ಕೆಳಗಡೆ ಒಂದು ಅಂಗಡಿ ಖಾಲಿ ಇರೋ ಹಾಗೆ ನೋಡಿ. ಹಲ್ಲು ಎಲ್ಲಾ ಊರಲ್ಲೂ ಹುಳುಕಾಗತ್ತೆ."

ನಗುನಗುತ್ತಲೇ ಅವಳಿಗೆ ಅಳು ಬಂತು. ಅವನು ಜೇಬೆಲ್ಲ ತಡಕಿದ. ಕರವಸ್ತ್ರ ಸಿಗದೆ ಬಿಳಿ ಕೋಟಿನ ತೋಳನ್ನೇ ಚಾಚಿದ. ಅವಳು ಅದರಲ್ಲೇ ಕಣ್ಣೊರೆಸಿಕೊಂಡಳು. ಒರೆಸಿಕೊಂಡಾದ ಮೇಲೂ ಕೈ ಬಿಡಲಿಲ್ಲ.